ದುಬೈಯಲ್ಲಿ ವಾಟ್ಸಾಪ್ ಕಾಲ್ ಯಾಕೆ ಹೋಗಲ್ಲ? ಯುಎಇ ಇಂಟರ್ನೆಟ್ ನಿರ್ಬಂಧಗಳ ಒಳಹೊರಗು

ಮನೆಯ ಹುಡುಗ ಮೊದಲ ಸಲ ದುಬೈಗೆ ಹೋದ ದಿನ ಎಲ್ಲರ ಮನೆಯಲ್ಲೂ ನಡೆಯುವುದು ಒಂದೇ ಕಥೆ. ವಿಮಾನ ಇಳಿಯಿತು ಎಂಬ ಮೆಸೇಜು ಬರುತ್ತದೆ. ಏರ್‌ಪೋರ್ಟಿನಲ್ಲಿ ನಿಂತ ಫೋಟೊ ಬರುತ್ತದೆ. ರೂಮಿಗೆ ತಲುಪಿದೆ, ಊಟ ಆಯಿತು ಎಂಬ ವಾಯ್ಸ್ ಮೆಸೇಜೂ ಬರುತ್ತದೆ. 'ಎಲ್ಲಿ, ಮುಖ ತೋರಿಸು, ವಿಡಿಯೋ ಕಾಲ್ ಮಾಡು' ಎಂದು ಅಮ್ಮ ಹೇಳಿದಾಗಲೇ ಎಡವಟ್ಟು. ಡೊಂಬಿವಿಲಿಯಲ್ಲೋ ಭಟ್ಕಳದಲ್ಲೋ ಫೋನು ರಿಂಗಾಗುತ್ತದೆ, ಎತ್ತಿದರೆ 'ಕನೆಕ್ಟಿಂಗ್' ಎಂದು ತೋರಿಸುತ್ತಾ ಅಲ್ಲೇ ನಿಂತುಬಿಡುತ್ತದೆ. ನಮ್ಮ ನೆಟ್‌ವರ್ಕೇ ಸರಿಯಿಲ್ಲ ಎಂದುಕೊಂಡು ಅಮ್ಮ ಬಾಲ್ಕನಿಗೆ ಹೋಗಿ ನಿಲ್ಲುತ್ತಾರೆ. ನೆಟ್‌ವರ್ಕ್ ಎರಡೂ ಕಡೆ ಸರಿಯಾಗಿಯೇ ಇದೆ.

ಹುಡುಗನಿಗೆ ರೂಮಿನ ಹಳಬರು ಆ ರಾತ್ರಿಯೇ ಪಾಠ ಹೇಳುತ್ತಾರೆ: 'ಇಲ್ಲಿ ವಾಟ್ಸಾಪ್ ಕಾಲ್ ಹೋಗಲ್ಲ ಮಾರಾಯ, ಬೋಟಿಮ್ ಹಾಕಿಕೋ.' ಇನ್ನೊಬ್ಬರು ದನಿ ತಗ್ಗಿಸಿ ವಿಪಿಎನ್ ಎನ್ನುತ್ತಾರೆ.

ಸಂಯುಕ್ತ ಅರಬ್ ಎಮಿರೇಟ್ಸ್, ಅಂದರೆ ಯುಎಇಯಲ್ಲಿ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದಿಂದ ಹೋದವರಿದ್ದಾರೆ. ಅಪ್ಪನ ಕಾಲದಲ್ಲಿ ಮುಂಬೈಗೆ ಬಂದು ನೆಲೆಸಿದ ಕನ್ನಡ ಮನೆಗಳಿಂದ ಮಗನ ಕಾಲದಲ್ಲಿ ಅಲ್ಲಿಗೆ ಹಾರಿದವರೂ ಇದ್ದಾರೆ. ಇವರಲ್ಲಿ ಬಹುತೇಕರಿಗೆ ಅಲ್ಲಿನ ಇಂಟರ್ನೆಟ್ ನಿರ್ಬಂಧ ಎಂದರೆ ಈ ಕಾಲ್ ಹೋಗದಿರುವುದೇ. ಆದರೆ ಅದು ಇಡೀ ವಿಷಯದ ಚಿಕ್ಕ ತುಂಡು. ಕನೆಕ್ಟ್ ಆಗದ ಕಾಲ್‌ನಿಂದ ಯಾರಿಗೂ ಕೇಸು ಬೀಳುವುದಿಲ್ಲ. ಸಲೀಸಾಗಿ ತಲುಪಿದ ಮೆಸೇಜಿನಿಂದ, ಎಲ್ಲೂ ಬ್ಲಾಕ್ ಆಗದೆ ಹೋದ ಪೋಸ್ಟಿನಿಂದ ಜೈಲು ಕಂಡವರಿದ್ದಾರೆ. ಈ ವ್ಯತ್ಯಾಸ ತಿಳಿಯದೆ ಅಲ್ಲಿಗೆ ಹೋಗುವವರೇ ಹೆಚ್ಚು.

ಕಾಲ್ ತಡೆಯುವುದರ ಹಿಂದೆ ದುಡ್ಡಿನ ಲೆಕ್ಕ

ಮೊದಲು ಕಾಲ್ ವಿಚಾರವನ್ನೇ ಮುಗಿಸೋಣ. ವಾಟ್ಸಾಪ್ ಕಾಲ್ ತಡೆಯುವುದು ಧರ್ಮಕ್ಕೋ ನೀತಿಗೋ ಸಂಬಂಧಪಟ್ಟ ಸಂಗತಿ ಎಂದು ಅನೇಕರು ಭಾವಿಸಿದ್ದಾರೆ. ಹಾಗೇನಿಲ್ಲ. ಇಂಟರ್ನೆಟ್ ಮೂಲಕ ಮಾತಾಡುವ ಸೇವೆಯೂ ಟೆಲಿಫೋನ್ ಸೇವೆಯೇ, ಅದನ್ನು ಕೊಡಲು ಲೈಸೆನ್ಸ್ ಬೇಕು ಎಂಬುದು ಅಲ್ಲಿನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮ. ಲೈಸೆನ್ಸ್ ಇರುವ ಫೋನ್ ಕಂಪನಿಗಳು ಮುಖ್ಯವಾಗಿ ಎರಡು. 1976ರಲ್ಲಿ ಶುರುವಾದ ಎತಿಸಲಾತ್ ಒಂದು, 2007ರಲ್ಲಿ ಮಾರುಕಟ್ಟೆಗೆ ಇಳಿದ ಡು ಇನ್ನೊಂದು. ಎತಿಸಲಾತ್‌ನ ಶೇ. 60ರಷ್ಟು ಪಾಲು ಅಲ್ಲಿನ ಫೆಡರಲ್ ಸರ್ಕಾರದ ಹೂಡಿಕೆ ಸಂಸ್ಥೆಯ ಕೈಯಲ್ಲಿದೆ. ಸಾಲದ್ದಕ್ಕೆ ಈ ಕಂಪನಿಗಳು ಸರ್ಕಾರಕ್ಕೆ ರಾಯಲ್ಟಿಯನ್ನೂ ಕಟ್ಟುತ್ತವೆ. ಜನಸಂಖ್ಯೆಯಲ್ಲಿ ಹೊರದೇಶದವರೇ ಬಹುಪಾಲು ಇರುವ ನಾಡಿನಲ್ಲಿ, ದಿನವೂ ಊರಿಗೆ ಫೋನ್ ಮಾಡುವ ಲಕ್ಷಾಂತರ ಮಂದಿ ಎಂಥ ಆದಾಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಕೈಪ್ ಕೂಡ 2018ರ ಹೊಸ ವರ್ಷದ ಹೊತ್ತಿಗೆ ಹೀಗೆಯೇ ನಿಂತುಹೋಯಿತು. ಬೋಟಿಮ್, ಸಿಮಿ ಎಂಬ ಎರಡು ಆ್ಯಪ್‌ಗಳಿಗೆ ಒಪ್ಪಿಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಆ ಸಮಯದಲ್ಲೇ. ಆದರೆ ಅವನ್ನು ಬಳಸಲು ಫೋನ್ ಕಂಪನಿಯ ಇಂಟರ್ನೆಟ್ ಕಾಲಿಂಗ್ ಪ್ಯಾಕ್ ಹಾಕಿಸಿಕೊಳ್ಳಬೇಕಿತ್ತು: ಆರಂಭದಲ್ಲಿ ಮೊಬೈಲ್‌ಗೆ ತಿಂಗಳಿಗೆ 50 ದಿರ್ಹಂ, ಮನೆಯ ಬ್ರಾಡ್‌ಬ್ಯಾಂಡ್‌ಗೆ 100 ದಿರ್ಹಂ. 50 ದಿರ್ಹಂ ಎಂದರೆ ಈಗಿನ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಮೇಲೆ. ಮ್ಯಾನೇಜರಿಗೆ ಅದು ಒಂದು ಹೊತ್ತಿನ ಊಟದ ಖರ್ಚು. ಕಟ್ಟಡ ಕೆಲಸದವನಿಗೆ ಹಾಗಲ್ಲ. ಹೀಗಾಗಿ ಲೇಬರ್ ಕ್ಯಾಂಪುಗಳಲ್ಲಿ ವಾಯ್ಸ್ ಮೆಸೇಜಿನ ಮೇಲೆಯೇ ಸಂಸಾರ ನಡೆಸಿದವರು ಬಹಳ ಮಂದಿ. ಹೆಂಡತಿ ಮಾತಾಡಿ ಕಳಿಸುವುದು, ಇವನು ಪಾಳಿ ಮುಗಿಸಿ ಕೇಳುವುದು, ಉತ್ತರ ಮಾತಾಡಿ ಕಳಿಸುವುದು. ಹಳೆಯ ಕಾಲದ ಇನ್‌ಲ್ಯಾಂಡ್ ಲೆಟರಿಗೆ ದನಿ ಬಂದಂತೆ.

ಇಲ್ಲೊಂದು ಪ್ರಶ್ನೆ ಬರುತ್ತದೆ. ವಾಟ್ಸಾಪ್‌ನಲ್ಲಿ ಮೆಸೇಜು ಹೋಗುತ್ತದೆ, ವಾಯ್ಸ್ ಮೆಸೇಜು ಹೋಗುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ ಎಂದರೆ ಹೇಗೆ? ವಾಟ್ಸಾಪ್ ಮಾತುಕತೆಗೆ ಬೀಗ ಹಾಕಿರುತ್ತದೆ, ನಡುವೆ ಕುಳಿತವರಿಗೆ ಒಳಗಿನ ಮಾತು ಕೇಳಿಸುವುದಿಲ್ಲ ಎನ್ನುತ್ತಾರಲ್ಲ? ನಿಜ, ಕೇಳಿಸುವುದಿಲ್ಲ. ಆದರೆ ಅಂಚೆಯವನು ಲಕೋಟೆ ಒಡೆಯದೆಯೇ ಅದು ಮದುವೆ ಕಾಗದವೋ ಬ್ಯಾಂಕಿನ ನೋಟಿಸೋ ಎಂದು ಊಹಿಸುವುದಿಲ್ಲವೇ? ಮೆಸೇಜು ಎಂದರೆ ಒಂದು ಚಿಕ್ಕ ಕಟ್ಟು, ಒಮ್ಮೆ ಹೋಗಿ ತಲುಪಿದರೆ ಮುಗಿಯಿತು. ವಾಯ್ಸ್ ಮೆಸೇಜು ಕೂಡ ಒಂದು ಫೈಲಷ್ಟೇ. ಕಾಲ್ ಹಾಗಲ್ಲ. ಸೆಕೆಂಡಿಗೆ ಹತ್ತಾರು ಸಣ್ಣ ಕಟ್ಟುಗಳು ಒಂದೇ ಸಮನೆ ಎರಡೂ ದಿಕ್ಕಿನಲ್ಲಿ ಓಡುತ್ತಿರಬೇಕು. ಆ ಓಟದ ಲಯವನ್ನೂ ಅದು ಹೋಗುವ ಸರ್ವರಿನ ವಿಳಾಸವನ್ನೂ ಗುರುತಿಸುವ ಯಂತ್ರಗಳು ಫೋನ್ ಕಂಪನಿಯ ಬಳಿ ಇರುತ್ತವೆ. ಗುರುತು ಸಿಕ್ಕಿದೊಡನೆ ಕಟ್ಟುಗಳನ್ನು ಬೀಳಿಸಿಬಿಟ್ಟರೆ ಆಯಿತು. ಫೋನ್ ರಿಂಗಾಗಿಯೂ ಮಾತು ಬಾರದಿರುವುದು ಇದರಿಂದಲೇ: ರಿಂಗ್ ಮಾಡು ಎನ್ನುವ ಸೂಚನೆ ಮೆಸೇಜಿನ ಹಾಗೆ ದಾಟಿಹೋಗುತ್ತದೆ, ಅದರ ಹಿಂದೆ ಬರಬೇಕಾದ ದನಿ ದಾಟುವುದಿಲ್ಲ.

ಕೊರೊನಾ ಬಂದಾಗ ಈ ಗೋಡೆಯಲ್ಲಿ ಕಿಟಕಿಗಳು ತೆರೆದುಕೊಂಡವು. ಮಕ್ಕಳ ಪಾಠ, ಕಚೇರಿ ಕೆಲಸ ಎಲ್ಲವೂ ಮನೆಗೆ ಬಂದಿತ್ತು. 2020ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಟೀಮ್ಸ್, ಝೂಮ್, ಗೂಗಲ್ ಮೀಟ್, ವೆಬೆಕ್ಸ್ ಮೊದಲಾದವಕ್ಕೆ ಅನುಮತಿ ಸಿಕ್ಕಿತು. ಆಮೇಲೂ ಅವು ಉಳಿದವು. ದುಬೈ ಎಕ್ಸ್‌ಪೋ ನಡೆದಾಗ ಆ ಮೈದಾನದೊಳಗೆ ವಾಟ್ಸಾಪ್ ಕಾಲ್ ಕೂಡ ಹೋಗುತ್ತಿತ್ತು. ಗೇಟು ದಾಟಿ ಹೊರಬಂದರೆ ಇಲ್ಲ. ತಾಂತ್ರಿಕ ಅಡ್ಡಿ ಏನೂ ಇಲ್ಲ, ಇದು ತೀರ್ಮಾನದ ವಿಷಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪಕ್ಕದ ಸೌದಿ ಅರೇಬಿಯ 2017ರ ಸೆಪ್ಟೆಂಬರ್‌ನಲ್ಲೇ ಇಂಟರ್ನೆಟ್ ಕಾಲ್ ಮೇಲಿನ ತಡೆಯನ್ನು ತೆಗೆದಿತ್ತು. ಯುಎಇಯಲ್ಲೂ ಇನ್ನೇನು ತೆಗೆಯುತ್ತಾರೆ ಎಂಬ ಸುದ್ದಿ ವರ್ಷಕ್ಕೊಮ್ಮೆಯಾದರೂ ಬರುತ್ತಲೇ ಇರುತ್ತದೆ.

ಯಾವ್ಯಾವುದು ತೆರೆಯುವುದಿಲ್ಲ?

ಯುಎಇಗೆ ಇಂಟರ್ನೆಟ್ ಬಂದದ್ದು 1995ರಲ್ಲಿ, ನಮ್ಮಲ್ಲಿ ವಿಎಸ್‌ಎನ್‌ಎಲ್ ಜನರಿಗೆ ಕೊಟ್ಟ ವರ್ಷವೇ. ಸೋಸುವ ಕೆಲಸವೂ ತೀರ ಹಿಂದೆ ಬೀಳಲಿಲ್ಲ. ಕೆಲಕಾಲ ದುಬೈ ಇಂಟರ್ನೆಟ್ ಸಿಟಿ, ಮೀಡಿಯಾ ಸಿಟಿಯಂಥ ಮುಕ್ತ ವಲಯಗಳಲ್ಲಿ ಮಾತ್ರ ಯಾವ ತಡೆಯೂ ಇರಲಿಲ್ಲ. ರಸ್ತೆಯ ಈ ಬದಿಯ ಆಫೀಸಿನಲ್ಲಿ ತೆರೆಯುವ ಸೈಟು ಆ ಬದಿಯ ಮನೆಯಲ್ಲಿ ತೆರೆಯುತ್ತಿರಲಿಲ್ಲ. 2008ರಲ್ಲಿ ಅಲ್ಲೂ ಒಂದೇ ನಿಯಮ ಬಂತು. ನಮ್ಮವರು ಮುಗಿಬಿದ್ದು ಬಳಸುತ್ತಿದ್ದ ಆರ್ಕುಟ್ ಅಲ್ಲಿ 2007ರಲ್ಲಿ ಬ್ಲಾಕ್ ಆಗಿದ್ದು ಹಳೆಯ ದುಬೈವಾಸಿಗಳಿಗೆ ನೆನಪಿರಬಹುದು.

ಈಗ ಪ್ರಾಧಿಕಾರದ ಬಳಿ ನಿಷೇಧಿತ ವಿಷಯಗಳ ಒಂದು ಪಟ್ಟಿಯಿದೆ, ಅದನ್ನು ಯಾರು ಬೇಕಾದರೂ ಓದಬಹುದು. ಅಶ್ಲೀಲ ತಾಣಗಳು, ಜೂಜು, ಮಾದಕವಸ್ತು, ವಂಚನೆ, ವೈರಸ್, ಕದ್ದ ಸಿನಿಮಾ, ಭಯೋತ್ಪಾದನೆ. ಇಷ್ಟಕ್ಕೆ ಹೆಚ್ಚಿನವರ ತಕರಾರಿಲ್ಲ. ಮಕ್ಕಳಿರುವ ಎಷ್ಟೋ ಮನೆಯವರು ಇದು ಒಳ್ಳೆಯದೇ ಎನ್ನುತ್ತಾರೆ. ಅದೇ ಪಟ್ಟಿಯಲ್ಲಿ ಮುಂದೆ ಹೋದರೆ ದೇಶಕ್ಕೂ ಸಾರ್ವಜನಿಕ ಶಾಂತಿಗೂ ವಿರುದ್ಧವಾದದ್ದು, ಧರ್ಮನಿಂದೆ, ವ್ಯಕ್ತಿನಿಂದೆ, ಅನುಮತಿಯಿಲ್ಲದ ಸಂಪರ್ಕ ಸೇವೆ, ಮತ್ತು ಈ ತಡೆಗಳನ್ನು ದಾಟಲು ನೆರವಾಗುವ ತಾಣಗಳು ಎಂಬ ಬಾಬತ್ತುಗಳೂ ಇವೆ. ಜೂಜಿನ ತಾಣ ಯಾವುದು ಎಂದು ಹೇಳುವುದು ಸುಲಭ. ಸಾರ್ವಜನಿಕ ಶಾಂತಿಗೆ ವಿರುದ್ಧವಾದ ಸುದ್ದಿ ಯಾವುದು ಎಂಬುದನ್ನು ಹೇಳುವವರು ಯಾರು ಎಂಬಲ್ಲಿಗೆ ಬಂದಾಗ ಪಟ್ಟಿಯ ಬಣ್ಣ ಬದಲಾಗುತ್ತದೆ.

2017ರ ಜೂನ್‌ನಲ್ಲಿ ಅದು ಎದ್ದು ಕಂಡಿತು. ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ಕತಾರ್ ಜತೆಗಿನ ಸಂಬಂಧ ಕಡಿದುಕೊಂಡಾಗ ಅಲ್ ಜಝೀರಾದಂಥ ಕತಾರಿನ ಸುದ್ದಿ ತಾಣಗಳು ಯುಎಇಯಲ್ಲಿ ತೆರೆಯದಂತಾದವು. ಅಷ್ಟೇ ಆಗಿದ್ದರೆ ಬೇರೆ ಮಾತು. ಸೋಷಿಯಲ್ ಮೀಡಿಯಾದಲ್ಲಿ ಕತಾರ್ ಪರವಾಗಿ ಸಹಾನುಭೂತಿ ತೋರಿಸಿದರೂ 3ರಿಂದ 15 ವರ್ಷ ಜೈಲು, ಕನಿಷ್ಠ 5 ಲಕ್ಷ ದಿರ್ಹಂ ದಂಡ ಎಂದು ಅಲ್ಲಿನ ಅಟಾರ್ನಿ ಜನರಲ್ ಪ್ರಕಟಿಸಿದರು. ಅಣ್ಣ ದುಬೈಯಲ್ಲಿ, ತಮ್ಮ ದೋಹಾದಲ್ಲಿ ಇರುವ ಕರಾವಳಿಯ ಮನೆಗಳು ಒಂದೆರಡಲ್ಲ. ಅವರ ಫ್ಯಾಮಿಲಿ ಗ್ರೂಪಿನಲ್ಲಿ ಆ ದಿನಗಳಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡಲು ಯಾರಿಗೆ ಧೈರ್ಯ ಬಂದೀತು?

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. ದಶಕಗಳ ಕಾಲ ಇಸ್ರೇಲಿನ ತಾಣಗಳು ಅಲ್ಲಿ ಬಂದ್. ಇಸ್ರೇಲ್ ಬಹಿಷ್ಕಾರಕ್ಕೆ 1972ರ ಕಾಯ್ದೆಯೇ ಇತ್ತು. 2020ರ ಆಗಸ್ಟ್‌ನಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಬಂದವು. ಕೆಲವೇ ದಿನಗಳಲ್ಲಿ ಫೋನ್ ಲೈನ್ ತೆರೆಯಿತು, ಇಸ್ರೇಲಿ ಪತ್ರಿಕೆಗಳ ತಾಣಗಳು ತೆರೆದವು, ಆ ಕಾಯ್ದೆಯೂ ರದ್ದಾಯಿತು. ನಿನ್ನೆ ದೇಶಕ್ಕೆ ಅಪಾಯ ಎನಿಸಿದ್ದು ಇವತ್ತು ಓದಬಹುದಾದ ಸುದ್ದಿ. ಪುಟದಲ್ಲಿದ್ದ ಅಕ್ಷರಗಳೇನೂ ಬದಲಾಗಿರಲಿಲ್ಲ.

ವಿಪಿಎನ್: ಅಪರಾಧವೂ ಹೌದು, ಅಲ್ಲವೂ ಹೌದು

'ವಿಪಿಎನ್ ಹಾಕಿದರೆ 20 ಲಕ್ಷ ದಿರ್ಹಂ ದಂಡವಂತೆ' ಎಂಬ ಮಾತು ಕೇಳಿರುತ್ತೀರಿ. 'ಎಲ್ಲರೂ ಹಾಕುತ್ತಾರೆ, ಏನೂ ಆಗಲ್ಲ' ಎಂಬುದನ್ನೂ ಕೇಳಿರುತ್ತೀರಿ. ಎರಡೂ ಅರ್ಧ ಸತ್ಯ.

ಕಾನೂನು ಹೇಳುವುದು ಹೀಗೆ. 2012ರ ಸೈಬರ್ ಅಪರಾಧ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು; ಅದರ ಬದಲಿಗೆ ಬಂದ 2021ರ ಹೊಸ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ಅಪರಾಧ ಮಾಡಲು, ಅಥವಾ ಮಾಡಿದ ಅಪರಾಧ ಪತ್ತೆಯಾಗದಂತೆ ತಡೆಯಲು ಕಂಪ್ಯೂಟರಿನ ಇಂಟರ್ನೆಟ್ ವಿಳಾಸವನ್ನು ಮರೆಮಾಚಿದರೆ ಜೈಲು, 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ. ರೂಪಾಯಿ ಲೆಕ್ಕದಲ್ಲಿ ಕನಿಷ್ಠವೇ ಒಂದು ಕೋಟಿ ದಾಟುತ್ತದೆ. ಗಮನಿಸಿ, ವಿಪಿಎನ್ ಎಂಬ ತಂತ್ರಜ್ಞಾನವೇ ಅಪರಾಧ ಎಂದು ಎಲ್ಲೂ ಹೇಳಿಲ್ಲ. ಬ್ಯಾಂಕುಗಳು, ಕಂಪನಿಗಳು ತಮ್ಮ ಒಳಗಿನ ಕೆಲಸಕ್ಕೆ ಬಳಸಲು ಅಡ್ಡಿಯಿಲ್ಲ ಎಂದು ಪ್ರಾಧಿಕಾರವೇ 2016ರಲ್ಲಿ ಸ್ಪಷ್ಟಪಡಿಸಿದೆ. ಮುಂಬೈಯ ಆಫೀಸಿನ ಸರ್ವರಿಗೆ ದುಬೈಯಿಂದ ಲಾಗಿನ್ ಆಗುವ ಐಟಿ ಹುಡುಗಿ ದಿನವೂ ಅದನ್ನೇ ಮಾಡುವುದು.

ತೊಡಕಿರುವುದು 'ಅಪರಾಧ' ಎಂಬ ಪದದಲ್ಲಿ. ವಿಪಿಎನ್ ಹಾಕಿ ನಿಷೇಧಿತ ತಾಣ ನೋಡಿದರೆ? ಅಮ್ಮನಿಗೆ ವಾಟ್ಸಾಪ್ ಕಾಲ್ ಮಾಡಿದರೆ? ಲೈಸೆನ್ಸ್ ಇಲ್ಲದ ಸೇವೆ ನಿಷೇಧಿತ ಪಟ್ಟಿಯಲ್ಲೇ ಇರುವುದರಿಂದ ಕೇಸು ಹಾಕಲೇಬೇಕೆಂದರೆ ಹಾಕಲು ಜಾಗವಿದೆ. ಮನೆಗೆ ಕಾಲ್ ಮಾಡುವವರನ್ನು ಹುಡುಕಿ ಹಿಡಿಯುತ್ತಾ ಕೂರುವುದಿಲ್ಲ ಎಂಬ ನಂಬಿಕೆಯ ಮೇಲೆ ಜನ ಬಳಸುತ್ತಾರೆ. ಆದರೆ ಬೇರೆ ಯಾವುದೋ ದೂರಿನಲ್ಲಿ ಫೋನು ಪೊಲೀಸರ ಕೈಗೆ ಹೋದಾಗ ಅದೇ ವಿಪಿಎನ್ ಎರಡನೆಯ ಆರೋಪವಾಗಬಹುದು. ಕಂಡೂ ಕಾಣದಂತೆ ಬಿಟ್ಟ ತಪ್ಪು ಎಂದರೆ ಮಾಫಿಯಾದ ತಪ್ಪಲ್ಲ. ನನ್ನನ್ನು ಕೇಳಿದರೆ, ಝೂಮ್, ಗೂಗಲ್ ಮೀಟ್ ನೇರವಾಗಿ ನಡೆಯುತ್ತಿರುವಾಗ ಈ ತಲೆನೋವು ಬೇಡ.

ಬೈದರೆ, ಫೋಟೊ ಹಾಕಿದರೆ, ದುಡ್ಡು ಎತ್ತಿದರೆ

ನಿಜವಾದ ಅಪಾಯ ಇರುವುದು ಇಲ್ಲಿ. ನಮ್ಮ ಊರಿನ ವಾಟ್ಸಾಪ್ ಸಂಸ್ಕೃತಿಯಲ್ಲಿ ದಿನವೂ ನಡೆಯುವ, ಯಾರೂ ತಪ್ಪೆಂದು ಭಾವಿಸದ ಸಂಗತಿಗಳು ಅಲ್ಲಿ ಪೊಲೀಸ್ ಠಾಣೆಗೆ ಹೋಗುತ್ತವೆ.

ಬೈಗುಳದಿಂದಲೇ ಶುರು ಮಾಡೋಣ. ಇಂಟರ್ನೆಟ್ ಮೂಲಕ ಇನ್ನೊಬ್ಬರನ್ನು ನಿಂದಿಸುವುದು ಕ್ರಿಮಿನಲ್ ಅಪರಾಧ. ಹೊಸ ಕಾಯ್ದೆಯಲ್ಲಿ ಇದಕ್ಕೆ ಜೈಲಿನ ಜತೆ 2.5 ಲಕ್ಷದಿಂದ 5 ಲಕ್ಷ ದಿರ್ಹಂವರೆಗೆ ದಂಡ ಹಾಕಲು ಅವಕಾಶವಿದೆ. ಗ್ರೂಪಿನಲ್ಲಿ ಬೈಯಬೇಕೆಂದೂ ಇಲ್ಲ, ಇಬ್ಬರ ನಡುವಿನ ಮೆಸೇಜೂ ಸಾಕು. 2015ರಲ್ಲಿ ವಾಟ್ಸಾಪ್‌ನಲ್ಲಿ ಸಹೋದ್ಯೋಗಿಗೆ ಬೈದವನೊಬ್ಬನಿಗೆ ಕೆಳ ಕೋರ್ಟು 3,000 ದಿರ್ಹಂ ದಂಡ ಹಾಕಿತ್ತು. ಇಷ್ಟು ಕಡಿಮೆ ಸಾಲದು ಎಂದು ಪ್ರಾಸಿಕ್ಯೂಷನ್ ಮೇಲ್ಮನವಿ ಹೋಯಿತು. ಫೆಡರಲ್ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ ಮರುವಿಚಾರಣೆಗೆ ಆದೇಶಿಸಿತು. ನಡುಬೆರಳಿನ ಇಮೋಜಿ ಕಳಿಸಿದರೂ ಕೇಸಾಗಬಹುದು ಎಂಬ ಚರ್ಚೆ ನಡೆದದ್ದೂ ಆ ವರ್ಷವೇ. ಬಾಡಿಗೆ ಜಗಳದಲ್ಲಿ, ಸಾಲದ ಜಗಳದಲ್ಲಿ, ಒಂದೇ ರೂಮಿನ ಇಬ್ಬರ ನಡುವೆ ಹೀಗೆ ದೂರು ಹೋಗುತ್ತದೆ. ಸೆನ್ಸಾರ್ ಎಂದರೆ ಸರ್ಕಾರ ಎಲ್ಲೋ ಕೂತು ಗಮನಿಸುತ್ತಿರುತ್ತದೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಇಲ್ಲಿ ಸ್ಕ್ರೀನ್‌ಶಾಟ್ ತೆಗೆದು ಕೊಡುವವನು ಪಕ್ಕದ ಮಂಚದವನೇ ಇರಬಹುದು.

ಊರಿನಲ್ಲಿ ಕೂತು ಬರೆದರೆ ಸುರಕ್ಷಿತ ಎಂಬುದೂ ಖಾತ್ರಿಯಿಲ್ಲ. 2019ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರನ್ನು ದುಬೈಯಲ್ಲಿ ವಿಮಾನ ಇಳಿದಾಗಲೇ ಹಿಡಿದರು. ಮೂರು ವರ್ಷ ಹಿಂದೆ ಬ್ರಿಟನ್ನಿನ ಮನೆಯಲ್ಲಿ ಕೂತು, ಮಾಜಿ ಪತಿಯ ಹೊಸ ಹೆಂಡತಿಯ ಬಗ್ಗೆ ಫೇಸ್‌ಬುಕ್‌ನಲ್ಲಿ ಹಾಕಿದ್ದ ಕಾಮೆಂಟೇ ಕಾರಣ. ಕೊನೆಗೆ 3,000 ದಿರ್ಹಂ ದಂಡ ಕಟ್ಟಿ ಮನೆಗೆ ಮರಳಿದರು. ಬರೆದವರು ಎಲ್ಲಿದ್ದರು ಎಂಬುದಕ್ಕಿಂತ ನೊಂದವರು ಎಲ್ಲಿ ಓದಿದರು ಎಂಬುದನ್ನು ಅಲ್ಲಿನ ಕಾನೂನು ನೋಡುತ್ತದೆ.

ಫೋಟೊ, ವಿಡಿಯೋ ವಿಷಯ ಇನ್ನೂ ಸೂಕ್ಷ್ಮ. ಒಬ್ಬರ ಒಪ್ಪಿಗೆಯಿಲ್ಲದೆ ಅವರ ಚಿತ್ರ ತೆಗೆದು ಹಂಚುವುದು ಖಾಸಗಿತನದ ಉಲ್ಲಂಘನೆ. ಅಪಘಾತದಲ್ಲಿ ಗಾಯಗೊಂಡವರ ಚಿತ್ರವೂ ಇದರಲ್ಲಿ ಸೇರುತ್ತದೆ. ಶಿಕ್ಷೆ ಕನಿಷ್ಠ ಆರು ತಿಂಗಳ ಜೈಲು, ಒಂದೂವರೆ ಲಕ್ಷದಿಂದ 5 ಲಕ್ಷ ದಿರ್ಹಂ ದಂಡ. ಕೋರ್ಟ್ ಎರಡನ್ನೂ ವಿಧಿಸಬಹುದು. ಇದರಿಂದ ಒಳ್ಳೆಯದೂ ಆಗುತ್ತದೆ, ರಸ್ತೆಯಲ್ಲಿ ಬಿದ್ದವನ ಸುತ್ತ ಮೊಬೈಲ್ ಹಿಡಿದು ನಿಲ್ಲುವ ನಮ್ಮೂರಿನ ದೃಶ್ಯ ಅಲ್ಲಿಲ್ಲ. ಆದರೆ 2013ರ ಜುಲೈನಲ್ಲಿ ನಡೆದದ್ದು ನೋಡಿ. ದುಬೈ ರಸ್ತೆಯಲ್ಲಿ ಅಲ್ಲಿನ ಸರ್ಕಾರಿ ಅಧಿಕಾರಿಯೊಬ್ಬರು ಭಾರತೀಯ ವ್ಯಾನ್ ಚಾಲಕನಿಗೆ ಹೊಡೆಯುವ ವಿಡಿಯೋ ಇಂಟರ್ನೆಟ್‌ನಲ್ಲಿ ಹರಿದಾಡಿತು. ಪೊಲೀಸರು ಅಧಿಕಾರಿಯನ್ನು ಬಂಧಿಸಿದರು. ಆಮೇಲೆ ಅಧಿಕಾರಿಯ ಮಗ ಕೊಟ್ಟ ದೂರಿನ ಮೇಲೆ ವಿಡಿಯೋ ಹಾಕಿದವನನ್ನೂ ಬಂಧಿಸಿದರು. ಆ ವಿಡಿಯೋ ಇಲ್ಲದಿದ್ದರೆ ಹೊಡೆತ ತಿಂದವನ ಮಾತನ್ನು ಯಾರು ಕೇಳುತ್ತಿದ್ದರು? ಮುಂದಿನ ಸಲ ಅಂಥದ್ದನ್ನು ಕಂಡವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು ನಡೆದರೆ ಅವರನ್ನು ದೂರಲು ನಮಗೇನು ಹಕ್ಕಿದೆ?

ಕನ್ನಡಿಗರು ಎಲ್ಲಕ್ಕಿಂತ ಸುಲಭವಾಗಿ ಸಿಕ್ಕಿಬೀಳಬಹುದಾದದ್ದು ಚಂದಾ ಎತ್ತುವುದರಲ್ಲಿ. ಊರಿನಲ್ಲಿ ಯಾರಿಗೋ ಕಿಡ್ನಿ ಆಪರೇಷನ್, ಯಾವುದೋ ಶಾಲೆಗೆ ಕೊಠಡಿ, ದೈವಸ್ಥಾನದ ಜೀರ್ಣೋದ್ಧಾರ. ಅಕೌಂಟ್ ನಂಬರು, ಒಂದು ಫೋಟೊ, 'ಕೈಲಾದಷ್ಟು ಸಹಾಯ ಮಾಡಿ, ಎಲ್ಲ ಗ್ರೂಪಿಗೂ ಕಳಿಸಿ' ಎಂಬ ಸಾಲು. ಊರಿನಿಂದ ಬಂದದ್ದನ್ನು ದುಬೈಯ ಅಣ್ಣ ಅಲ್ಲಿನ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡುತ್ತಾನೆ. ಲೈಸೆನ್ಸ್ ಇಲ್ಲದೆ ಆನ್‌ಲೈನ್‌ನಲ್ಲಿ ದೇಣಿಗೆ ಕೇಳುವುದು ಅಲ್ಲಿ ಅಪರಾಧ. 2016ರಲ್ಲಿ ದುಬೈಯಲ್ಲಿ ಕೆಲಸಕ್ಕಿದ್ದ ವಿದೇಶಿಯೊಬ್ಬರು ಅಫ್ಘಾನಿಸ್ತಾನದ ನಿರಾಶ್ರಿತರಿಗೆ ಕಂಬಳಿ ಒದಗಿಸುವ ಸಂಗ್ರಹದ ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಂಚಿ ವಾರಗಟ್ಟಲೆ ಬಂಧನದಲ್ಲಿದ್ದರು. ಭಯೋತ್ಪಾದಕರಿಗೆ ಹಣ ಹೋಗದಂತೆ ತಡೆಯಲು ಇಂಥ ನಿಯಮ ಬೇಕು ಎಂಬುದು ಸರ್ಕಾರದ ವಾದ. ಅನುಮತಿ ಪಡೆದ ಸಂಸ್ಥೆಗಳ ಮೂಲಕ ಕೊಡಲು ದಾರಿಯಿದೆ. ಆದರೆ ಕಿಡ್ನಿ ಆಪರೇಷನ್ ಲೈಸೆನ್ಸ್ ಬರುವವರೆಗೆ ಕಾಯುವುದಿಲ್ಲವಲ್ಲ.

ಗಾಳಿಸುದ್ದಿಗೆ ಕನಿಷ್ಠ ಒಂದು ವರ್ಷ ಜೈಲು, 1 ಲಕ್ಷ ದಿರ್ಹಂ ದಂಡ. ಸಾಂಕ್ರಾಮಿಕ ರೋಗ ಅಥವಾ ಬಿಕ್ಕಟ್ಟಿನ ಕಾಲವಾದರೆ ಎರಡೂ ದುಪ್ಪಟ್ಟು. ಧರ್ಮ, ಜನಾಂಗದ ಬಗ್ಗೆ ದ್ವೇಷದ ಮಾತಿಗೆ 2015ರಿಂದ ಪ್ರತ್ಯೇಕ ಕಾನೂನೇ ಇದೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ನೆಪದಲ್ಲಿ ಮುಸ್ಲಿಮರನ್ನು ಹೀಯಾಳಿಸಿ ಪೋಸ್ಟ್ ಹಾಕಿದ ಹಲವು ಭಾರತೀಯರು ಅಲ್ಲಿ ಕೆಲಸ ಕಳೆದುಕೊಂಡರು. ತಾರತಮ್ಯ ನಮ್ಮ ನೀತಿಗೂ ಅಲ್ಲಿನ ಕಾನೂನಿಗೂ ವಿರುದ್ಧ, ನೆನಪಿರಲಿ ಎಂದು ಆಗ ಯುಎಇಯಲ್ಲಿ ಭಾರತದ ರಾಯಭಾರಿಯಾಗಿದ್ದ ಪವನ್ ಕಪೂರ್ ಬಹಿರಂಗವಾಗಿಯೇ ಎಚ್ಚರಿಸಬೇಕಾಯಿತು.

ಕೇಳಿಸಿಕೊಳ್ಳುವ ಕಿವಿಗಳು

ತಡೆಯುವುದು ಒಂದು, ಕದ್ದು ನೋಡುವುದು ಇನ್ನೊಂದು. 2009ರ ಜುಲೈನಲ್ಲಿ ಎತಿಸಲಾತ್ ತನ್ನ ಬ್ಲ್ಯಾಕ್‌ಬೆರಿ ಗ್ರಾಹಕರಿಗೆ ಒಂದು ಅಪ್‌ಡೇಟ್ ಕಳಿಸಿತು. ಹಾಕಿಕೊಂಡವರ ಫೋನಿನ ಬ್ಯಾಟರಿ ಗಂಟೆಗಳಲ್ಲೇ ಖಾಲಿಯಾಗತೊಡಗಿತು. ಅದು ಮೆಸೇಜುಗಳನ್ನು ಕದ್ದು ನೋಡಬಲ್ಲ ಸಾಫ್ಟ್‌ವೇರ್ ಎಂದು ಬ್ಲ್ಯಾಕ್‌ಬೆರಿ ಕಂಪನಿಯೇ ಹೇಳಿತು. ಮರುವರ್ಷ ಬ್ಲ್ಯಾಕ್‌ಬೆರಿ ಸೇವೆಯನ್ನೇ ಅಕ್ಟೋಬರ್ 11ರಿಂದ ನಿಲ್ಲಿಸುವುದಾಗಿ ಸರ್ಕಾರ ಹೇಳಿ, ಗಡುವಿಗೆ ಮೂರು ದಿನ ಇರುವಾಗ ಹಿಂದೆ ಸರಿಯಿತು. 2019ರಲ್ಲಿ ಟೋಟಾಕ್ ಎಂಬ ಆ್ಯಪ್ ಬಂತು. ವಾಟ್ಸಾಪ್ ಕಾಲ್ ಇಲ್ಲದ ಊರಿನಲ್ಲಿ ಪುಕ್ಕಟೆ ವಿಡಿಯೋ ಕಾಲ್ ಸಿಗುತ್ತಿತ್ತು, ಜನ ಮುಗಿಬಿದ್ದರು. ಇದು ಯುಎಇ ಸರ್ಕಾರದ ಬೇಹುಗಾರಿಕೆಯ ಸಾಧನ ಎಂದು ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಕಂಪನಿ ಅಲ್ಲಗಳೆಯಿತು. ಆಪಲ್ ಮತ್ತು ಗೂಗಲ್ ತಮ್ಮ ಅಂಗಡಿಯಿಂದ ಅದನ್ನು ತೆಗೆದುಹಾಕಿದವು. ಅಷ್ಟರಲ್ಲಿ ಅದು ಲಕ್ಷಾಂತರ ಫೋನುಗಳಲ್ಲಿ ಕೂತಾಗಿತ್ತು.

ಕೆಲಸಕ್ಕೆಂದು ಹೋದ ನಮ್ಮವರು ದಂಡ ಕಟ್ಟಿ, ಕೆಲವೊಮ್ಮೆ ಜೈಲನ್ನೂ ಕಂಡು, ಗಡಿಪಾರಾಗಿ ಊರಿಗೆ ಬಂದಾರು. ಅಲ್ಲಿಯೇ ಹುಟ್ಟಿ ಅಲ್ಲಿಯ ಬಗ್ಗೆ ಬರೆಯುವವರ ಪಾಡು ಬೇರೆ. ಅಹ್ಮದ್ ಮನ್ಸೂರ್ ಅಲ್ಲಿನ ಎಂಜಿನಿಯರ್, ಕವಿ, ಮಾನವ ಹಕ್ಕುಗಳ ಹೋರಾಟಗಾರ. ಸುಧಾರಣೆ ಕೇಳಿದ್ದಕ್ಕೆ 2011ರಲ್ಲೇ ಒಮ್ಮೆ ಜೈಲು ಕಂಡು ಕ್ಷಮಾದಾನದಲ್ಲಿ ಹೊರಬಂದಿದ್ದರು. 2016ರ ಆಗಸ್ಟ್‌ನಲ್ಲಿ ಅವರ ಐಫೋನಿಗೆ ಅಪರಿಚಿತ ಮೆಸೇಜೊಂದು ಬಂತು: ಜೈಲುಗಳಲ್ಲಿ ನಡೆಯುವ ಚಿತ್ರಹಿಂಸೆಯ ಗುಟ್ಟು ತಿಳಿಯಲು ಈ ಲಿಂಕ್ ಒತ್ತಿ ಎಂಬ ಅರ್ಥದ್ದು. ಅವರು ಒತ್ತಲಿಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಕಳಿಸಿದರು. ಅಲ್ಲಿನ ಸಂಶೋಧಕರು ಬಿಡಿಸಿ ನೋಡಿದಾಗ ಸಿಕ್ಕಿದ್ದೇ ಪೆಗಾಸಸ್. ಮುಂದೆ ನಮ್ಮ ಸಂಸತ್ತಿನಲ್ಲೂ ಸುಪ್ರೀಂ ಕೋರ್ಟಿನಲ್ಲೂ ಮೊಳಗಿದ ಅದೇ ಹೆಸರು ಜಗತ್ತಿಗೆ ಗೊತ್ತಾದದ್ದು ಈ ಮನುಷ್ಯ ಬೆರಳನ್ನು ತಡೆದು ಹಿಡಿದದ್ದರಿಂದ. ಆಪಲ್ ತರಾತುರಿಯಲ್ಲಿ ಲೋಪ ಸರಿಪಡಿಸಿ ಹೊಸ ಅಪ್‌ಡೇಟ್ ಬಿಟ್ಟಿತು.

2017ರ ಮಾರ್ಚ್ 20ರಂದು ಮನ್ಸೂರ್ ಅವರನ್ನು ಮನೆಯಿಂದ ಕರೆದೊಯ್ದರು. ಸೋಷಿಯಲ್ ಮೀಡಿಯಾ ಬಳಸಿ ದೇಶದ ಘನತೆಗೆ ಕುಂದು ತಂದರು, ಸುಳ್ಳು ಮಾಹಿತಿ ಹರಡಿದರು ಎಂಬ ಆರೋಪ. 2018ರ ಮೇನಲ್ಲಿ 10 ವರ್ಷ ಜೈಲು, 10 ಲಕ್ಷ ದಿರ್ಹಂ ದಂಡ ವಿಧಿಸಿದರು. ವರ್ಷದ ಕೊನೆಯ ದಿನ ಮೇಲ್ಮನವಿಯೂ ವಜಾ ಆಯಿತು. ಅವರ ಪೋಸ್ಟುಗಳು ಯಾವ ಫಿಲ್ಟರಿಗೂ ಸಿಕ್ಕಿಬಿದ್ದಿರಲಿಲ್ಲ, ಎಲ್ಲರಿಗೂ ಕಾಣುವಂತೆಯೇ ಇದ್ದವು. ಯುಎಇ ಸಂವಿಧಾನದ 30ನೇ ವಿಧಿ ಅಭಿಪ್ರಾಯ ಸ್ವಾತಂತ್ರ್ಯವನ್ನು ಕೊಡುತ್ತದೆ, ಕಾನೂನಿನ ಮಿತಿಯೊಳಗೆ. ಆ ಮಿತಿ ಎಷ್ಟು ಎಂದು ಅಳೆಯಲು ಈ ಒಂದು ಪ್ರಕರಣ ಸಾಕು.

ನಮ್ಮ ಮನೆಯ ಗಾಜು

ಇಷ್ಟೆಲ್ಲ ಓದಿ 'ಸದ್ಯ, ನಾವು ಭಾರತದಲ್ಲಿದ್ದೇವೆ' ಎಂದು ನಿಟ್ಟುಸಿರು ಬಿಡುವ ಮುನ್ನ ಎರಡು ಸಂಗತಿ. ಇಲ್ಲಿ 2020ರ ಜೂನ್‌ನಲ್ಲಿ ನಿಷೇಧವಾದ ಟಿಕ್‌ಟಾಕ್ ದುಬೈಯಲ್ಲಿ ಧಾರಾಳವಾಗಿ ನಡೆಯುತ್ತದೆ. ರಜೆಗೆ ಊರಿಗೆ ಬಂದ ಮಕ್ಕಳು ಅದು ತೆರೆಯದೆ ಮುಖ ಸಿಂಡರಿಸುತ್ತಾರೆ. ಇನ್ನು ನೆಟ್‌ಸ್ವೀಪರ್ ಎಂಬ ಕೆನಡಾ ಕಂಪನಿಯ ಸೋಸುವ ಯಂತ್ರ ಯಾವ್ಯಾವ ದೇಶಗಳ ಇಂಟರ್ನೆಟ್ ಕಂಪನಿಗಳಲ್ಲಿ ಇದೆ ಎಂದು ಅದೇ ಸಿಟಿಜನ್ ಲ್ಯಾಬ್ 2018ರಲ್ಲಿ ಪಟ್ಟಿ ಮಾಡಿದಾಗ ಯುಎಇ, ಕತಾರ್, ಕುವೈತ್ ಜತೆಗೆ ಭಾರತದ ಹೆಸರೂ ಇತ್ತು. ವ್ಯತ್ಯಾಸ ಇಲ್ಲವೆಂದಲ್ಲ. ಇಲ್ಲಿ ನಿಷೇಧವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು, ಪತ್ರಿಕೆಯಲ್ಲಿ ಬೈಯಬಹುದು. ಅಲ್ಲಿ ನಿಷೇಧದ ಬಗ್ಗೆ ಬರೆಯುವುದೂ ಅಳೆದು ತೂಗಿ ಮಾಡಬೇಕಾದ ಕೆಲಸ.

ಮನೆಯಿಂದ ಯಾರಾದರೂ ಹೊರಡುತ್ತಿದ್ದರೆ ಉಪ್ಪಿನಕಾಯಿ ಡಬ್ಬಿ ಕಟ್ಟುವ ಹೊತ್ತಿನಲ್ಲೇ ಅವರ ಫೋನನ್ನೂ ಒಮ್ಮೆ ನೋಡಿ. ರಾಜಕೀಯದ, ಧರ್ಮದ ಕಿತ್ತಾಟ ನಡೆಯುವ ಗ್ರೂಪುಗಳಿಂದ ಹೊರಬರಲಿ. ಗ್ರೂಪ್ ಅಡ್ಮಿನ್ ಆಗಿದ್ದರೆ ಇಲ್ಲಿನವರಿಗೆ ವಹಿಸಿಕೊಡಲಿ. ಗೂಗಲ್ ಮೀಟ್ ಹಾಕಿ, ಅಮ್ಮನ ಫೋನಿಗೂ ಹಾಕಿ, ಮನೆಯಲ್ಲಿದ್ದಾಗಲೇ ಒಂದು ಸಲ ಕಾಲ್ ಮಾಡಿಸಿ ಅಭ್ಯಾಸ ಮಾಡಿಸಿ. ಇಲ್ಲಿರುವವರಿಗೂ ಒಂದು ಕೆಲಸವಿದೆ: ದುಬೈಯಲ್ಲಿರುವ ಭಾವನಿಗೆ ಚಂದಾ ಮನವಿ, ಕೋಮು ವಿಡಿಯೋ ಕಳಿಸಿ 'ಎಲ್ಲರಿಗೂ ಫಾರ್ವರ್ಡ್ ಮಾಡಿ' ಎನ್ನಬೇಡಿ. ಇಲ್ಲಿ ಅದು ಅಳಿಸಿಹೋಗುವ ಮೆಸೇಜು, ಅಲ್ಲಿ ಅವರ ವೀಸಾ.

ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ರಾತ್ರಿ ಒಂಬತ್ತೂವರೆಗೆ ಅಮ್ಮ ಫೋನ್ ಹಿಡಿದು ಕೂತರೆ ಅಲ್ಲಿ ಎಂಟು ಗಂಟೆ, ಹುಡುಗ ರೂಮಿಗೆ ಬಂದು ಅನ್ನಕ್ಕಿಟ್ಟಿರುತ್ತಾನೆ.